ಫೋರ್ಟೀನ್ ಅಂದ್ರ 41 ಬರೀತಾಳ, ಏನ್ ಮಾಡೂದ್ರೀ?

ಪ್ರಶ್ನೆ: ಮೇಡಂ ನಮಸ್ಕಾರ್ರೀ. ನನ್ನ ಮಗಳು ಎರಡನೇ ಕ್ಲಾಸ್, ಇಂಗ್ಲಿಷ್ ಮೀಡಿಯಂ. ಕನ್ನಡದಾಗ ನೂರರ ತನಕ ಚಲೋ ಎಣಸ್ತಾಳ, ಆದ್ರ ಫೋರ್ಟೀನ್ ಬರಿ ಅಂದ್ರ 41 ಬರೀತಾಳ, ಸ್ಪೆಲಿಂಗ್ ಅಂದ್ರಂತೂ ಅಳಾಕ ಶುರು ಮಾಡ್ತಾಳ. ಅವರಪ್ಪ ದಡ್ಡಿ ಅಂತ ಬೈತಾರ. ದಿನಾ 1ರಿಂದ 100 ಬರಸಾಕತ್ತೇನಿ, ಉಪಯೋಗಿಲ್ಲ.
– ಒಬ್ಬ ತಾಯಿ, ಅಥಣಿ

ಉತ್ತರ: ಅಕ್ಕಾರ, ಮೊದಲ ಅವರಪ್ಪಗ ಹೇಳ್ರಿ, ಹುಡುಗಿ ದಡ್ಡಿ ಅಲ್ಲ, ಕಿವಿಗೆ ಬಿದ್ದಂಗ ಬರದಾಳ ಅಷ್ಟ. ನಮ್ಮ ಹದಿನಾಕರಾಗ ಹತ್ತು ಮೊದಲ, ನಾಕು ಆಮ್ಯಾಲ, ಬರಿಯೂದೂ ಹಂಗ, ಆದ್ರ ಫೋರ್ಟೀನ್‌ನ್ಯಾಗ ಫೋರ್ ಮೊದಲ ಕೇಳತೈತಿ, ಹತ್ತು ಅನ್ನೂ ಟೀನ್ ಹಿಂದ ಬರ್ತೈತಿ, ಅದಕ್ಕ ಆಕಿ 4 ಮೊದಲ ಹಾಕ್ಯಾಳ. ನಿಮ್ಮ ಕಡೆ ಮರಾಠಿನೂ ಕಿವಿಗೆ ಬೀಳತಿರತೈತಿ, ಅದರಾಗ 21 ಅಂದ್ರ ಏಕವೀಸ, ಅಲ್ಲೂ ಒಂದು ಮೊದಲ, ಇಪ್ಪತ್ತು ಆಮ್ಯಾಲ. ಸಣ್ಣ ಹುಡುಗಿ ಎಷ್ಟಂತ ಹೊಂದಿಸ್ಕೋಬೇಕ್ರೀ.

1ರಿಂದ 100 ಬರಸೂದು ಸದ್ಯಕ್ಕ ಬಿಡ್ರಿ. ಹತ್ತರ ತನಕ ಗಟ್ಟಿ ಆದಮ್ಯಾಲ ಸೀದಾ ಇಪ್ಪತ್ತಕ್ಕ ಹಾರ್ರಿ, ಯಾಕಂದ್ರ ಇಪ್ಪತ್ತೊಂದು ಟ್ವೆಂಟಿ ಒನ್, ನಲವತ್ತೇಳು ಫಾರ್ಟಿ ಸೆವೆನ್, ಅಲ್ಲಿಂದ 99ರ ತನಕ ಕನ್ನಡ ಇಂಗ್ಲಿಷ್ ಕ್ರಮ ಒಂದ ಐತಿ, ಆಕಿಗೆ ಧೈರ್ಯ ಬರ್ತೈತಿ. ಆಮ್ಯಾಲ ಹಿಂದ ಬಂದು ಟೀನ್ ಹಿಡೀರಿ. ಹತ್ತು ಹುಣಸಿ ಬೀಜ ಗುಂಪು ಮಾಡಿ ಎಡಕ್ಕ ಇಡ್ರಿ, ಬಿಡಿ ನಾಕು ಬಲಕ್ಕ ಇಡ್ರಿ, ಫೋರ್ಟೀನ್ ಅನ್ನಸ್ರಿ, ಆದ್ರ ಬರಿಯೂದು ಎಡಗಡೆ ಗುಂಪಿನಿಂದ ಅಂತ ಕೈ ಇಟ್ಟು ತೋರಸ್ರಿ. ಇಲೆವೆನ್, ಟ್ವೆಲ್ವ್ ಎರಡೂ ಬಾಯಿಪಾಠನ ಆಗಬೇಕು, ಹಳೇ ಇಂಗ್ಲಿಷ್‌ನ್ಯಾಗ ಅವಕ್ಕ ಹತ್ತು ತಗದ ಮ್ಯಾಲ ಒಂದು ಉಳೀತು, ಎರಡು ಉಳೀತು ಅನ್ನೂ ಅರ್ಥ ಇತ್ತು, ಈಗ ಶಬ್ದ ಕೇಳಿದ್ರ ಯಾರಿಗೂ ಗೊತ್ತಾಗೂದಿಲ್ಲ.

ಸ್ಪೆಲಿಂಗಿಗೆ ನೂರು ಶಬ್ದ ಕಲೀಬೇಕಾಗಿಲ್ಲ, ತೊಡಕು ಇರೂವು ಭಾಳ ಕಡಿಮಿ. ಫೋರ್, ಫೋರ್ಟೀನ್‌ನ್ಯಾಗ ಯು ಐತಿ, ಫಾರ್ಟಿಯೊಳಗ ಇಲ್ಲ, ಇದರಾಗ ದೊಡ್ಡವರೂ ತಪ್ಪತಾರ. ಏಟ್‌ಗೆ ಟೀನ್ ಹಚ್ಚಿದ್ರೂ ಟಿ ಒಂದ ಸಲ, ಏಟಿಗೂ ಹಂಗ. ನೈನ್‌ದ ಕಡೀ ಇ ನೈಂಟೀನ್, ನೈಂಟಿ ಎರಡರಾಗೂ ಉಳೀತೈತಿ, ಒಂಬತ್ತನೇದು ಅನ್ನೂ ನೈಂತ್‌ನ್ಯಾಗ ಮಾತ್ರ ಹೋಗತೈತಿ. ಟ್ವೆಂಟಿ ಒನ್‌ದಿಂದ ನೈಂಟಿ ನೈನ್ ತನಕ ಎರಡು ಶಬ್ದದ ನಡುವ ಸಣ್ಣ ಗೆರಿ ಬರ್ತೈತಿ. ದಿನಕ್ಕ ಎರಡು ಶಬ್ದ ಸಾಕು, ಆಕಿ ಅತ್ತ ಕೂಡ್ಲೆ ಪಾಟಿ ತಗದ ಇಡ್ರಿ. ಥರ್ಟೀನ್, ಥರ್ಟಿ ಕಲಸಾಕತ್ತಿದ್ರ ಥರ್ಟೀನ್‌ದ ಕಡೀನ ಎಳದು ಹೇಳ್ರಿ, ಥರ್ಟಿಗೆ ಮೊದಲಿನ ಥರ್ ಒತ್ತಿ ಹೇಳ್ರಿ.

ಪ್ರಶ್ನೆ: ನಮ್ಮ ಸ್ವಸಹಾಯ ಸಂಘದ ಚೆಕ್ ನಾನ ಬರೀತೇನ್ರೀ, ಇಂಗ್ಲಿಷ್ ಅಂಕಿ ಶಬ್ದ ಬರಿಯೂ ಮುಂದ ಕೈ ನಡಗತೈತಿ. ತಪ್ಪಾದ್ರ ಏನಾಕ್ಕೈತಿ?
– ಓದುಗರು, ಇಳಕಲ್

ಉತ್ತರ: 1881ರ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ 18ನೇ ಕಲಂ ಪ್ರಕಾರ ಅಂಕಿ ಮತ್ತ ಅಕ್ಷರ ಬ್ಯಾರೆ ಬ್ಯಾರೆ ಇದ್ರ ಅಕ್ಷರದಾಗ ಬರದದ್ದ ಖರೆ. ಆದ್ರ ಎರಡೂ ಕೂಡದಿದ್ರ ಬ್ಯಾಂಕಿನವರು ಚೆಕ್ ವಾಪಸ್ ಕಳಸೂದೂ ಐತಿ, ಅದಕ್ಕ ಅಕ್ಷರ ಮೊದಲ ಬರದು ಅಂಕಿ ಆಮ್ಯಾಲ ಹಾಕ್ರಿ. ತಪ್ಪಿದ್ರ ಮ್ಯಾಲ ತಿದ್ದಿ ಸಹಿ ಮಾಡಬ್ಯಾಡ್ರಿ, ಹೊಸ ಚೆಕ್ ಬರೀರಿ. ಇನ್ನೊಂದು, ಚೆಕ್ ಇಂಗ್ಲಿಷ್‌ನ್ಯಾಗನ ಬರೀಬೇಕಂತಿಲ್ಲ, ರಿಸರ್ವ್ ಬ್ಯಾಂಕ್ ನಿಯಮದಾಗ ಹಿಂದಿ, ಇಂಗ್ಲಿಷ್ ಇಲ್ಲಾ ಆ ರಾಜ್ಯದ ಭಾಷಾ ಯಾವುದ್ರಾಗರ ಬರೀಬಹುದು, ‘ನಲವತ್ತು ಸಾವಿರ ರೂಪಾಯಿ ಮಾತ್ರ’ ಅಂತ ಕನ್ನಡದಾಗ ಧೈರ್ಯಲೆ ಬರೀರಿ.