ಓದುಗರ ಪ್ರಶ್ನೆ, ನಮ್ಮ ಉತ್ತರ: ಊರಿನ ಬ್ಯಾಂಡುಗಳ ಬೇಸ್ ವಾದಕರಿಗೆ

ತಗ್ಗು ಸ್ವರಗಳನ್ನು ನುಡಿಸುವ ಬೇಸ್ ಗಿಟಾರಿನ ಬಗ್ಗೆ ಮಂಗಳೂರು, ಉಡುಪಿ ಕಡೆಯಿಂದ ಬಂದ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಬರೆದವರಲ್ಲಿ ಬಹುತೇಕರು ಹಗಲು ಬೇರೆ ಉದ್ಯೋಗದಲ್ಲಿದ್ದು, ಸಂಜೆ ಮತ್ತು ರಜೆಯ ದಿನಗಳಲ್ಲಿ ಮದುವೆ, ರೋಸ್ (ಕೆಥೊಲಿಕರ ಮದುವೆಗೆ ಮುಂಚಿನ ಶಾಸ್ತ್ರ), ರಸಮಂಜರಿ, ಕಾಲೇಜು ವಾರ್ಷಿಕೋತ್ಸವಗಳಲ್ಲಿ ನುಡಿಸುವವರು. ಅವರ ಸಮಯ ಮತ್ತು ಜೇಬು ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡು ಉತ್ತರಿಸಲಾಗಿದೆ.

ಪ್ರಶ್ನೆ: ಸುರತ್ಕಲ್‌ನ ಸಹಕಾರಿ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿದ್ದೇನೆ. ಕೆಲವು ವರ್ಷಗಳಿಂದ ಬೇಸ್ ನುಡಿಸುತ್ತೇನೆ. ಕುಲಶೇಖರ ಕಡೆಯ ಮದುವೆ ಬ್ಯಾಂಡೊಂದು ನನ್ನನ್ನು ಕರೆಯುತ್ತಿದೆ; ಅಲ್ಲಿ ಸಂಭಾವನೆ ಇದೆ. ಕಾಲೇಜಿನ ಗೆಳೆಯರು ಸ್ವಂತ ಹಾಡುಗಳ ತಂಡ ಕಟ್ಟಿದ್ದಾರೆ. ಅಲ್ಲಿ ದುಡ್ಡಿಲ್ಲ, ಖುಷಿ ಇದೆ. ಎರಡರಲ್ಲೂ ಇರಬಹುದೇ? ಇಲ್ಲದಿದ್ದರೆ ಯಾವುದನ್ನು ಬಿಡಲಿ?

ಉತ್ತರ: ನಮ್ಮೂರುಗಳಲ್ಲಿ ಗಿಟಾರ್ ಹಿಡಿದವರಿಗೆ ಕೊರತೆಯಿಲ್ಲ, ಬೇಸ್ ಹಿಡಿದವರು ಕಡಿಮೆ. ಆದ್ದರಿಂದ ಸುಮಾರಾಗಿ ನುಡಿಸಬಲ್ಲ ಯಾರಿಗೇ ಆದರೂ ಎರಡು ಮೂರು ಕಡೆಯಿಂದ ಕರೆ ಬರುವುದು ಸಹಜ. ಅದನ್ನು ನಿಮ್ಮ ವಾದನಕ್ಕೆ ಸಿಕ್ಕ ಪ್ರಶಸ್ತಿ ಎಂದು ತಿಳಿಯಬೇಡಿ. ದುಡ್ಡು ಮತ್ತು ಖುಷಿಯ ಲೆಕ್ಕ ಹಾಕುವ ಮೊದಲು ಎರಡೂ ತಂಡಗಳಲ್ಲಿ ಡ್ರಮ್ಸ್ ನುಡಿಸುವವರು ಯಾರು ಎಂದು ನೋಡಿ. ಬೇಸ್ ವಾದಕನು ಆರಿಸಿಕೊಳ್ಳಬೇಕಾದದ್ದು ಬ್ಯಾಂಡನ್ನಲ್ಲ, ಡ್ರಮ್ಮರನ್ನು ಎಂಬುದು ನಮ್ಮ ಅಭಿಪ್ರಾಯ. ಗಾಯಕ ಒಂದು ದಿನ ಶ್ರುತಿ ತಪ್ಪಿದರೆ ಆ ದಿನ ಮಾತ್ರ ಹಾಳಾಗುತ್ತದೆ, ಆದರೆ ಗತಿ ಮೀರಿ ಓಡುವ ಡ್ರಮ್ಮರನ ಜೊತೆಗೆ ಎರಡು ಹಂಗಾಮು ನುಡಿಸಿದವನ ಕೈ ತಾನೂ ಓಡಲು ಕಲಿಯುತ್ತದೆ, ಆಮೇಲೆ ಅದನ್ನು ಬಿಡಿಸುವುದು ಕಷ್ಟ.

ಪರೀಕ್ಷಿಸುವ ಕ್ರಮ ಸರಳವಾಗಿದೆ. ಹಾಡು ಬೇಡ, ಹಾಡುಗಾರರೂ ಬೇಡ. ನಿಮಿಷಕ್ಕೆ 70 ಬಡಿತದ ನಿಧಾನ ಗತಿಯಲ್ಲಿ ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್), ಸ್ನೇರ್ (ಚಿಕ್ಕ ಡ್ರಮ್), ಹೈಹ್ಯಾಟ್ (ಜೋಡಿ ತಾಳ) ಇಷ್ಟನ್ನೇ ಐದು ನಿಮಿಷ ನುಡಿಸುವಂತೆ ಡ್ರಮ್ಮರನ್ನು ಕೇಳಿಕೊಳ್ಳಿ. ನೀವು ಕಿಕ್ ಬಿದ್ದಲ್ಲಿ ಮಾತ್ರ ಮೂಲ ಸ್ವರವನ್ನು ಮೀಟುತ್ತ ಹೋಗಿ. ಎರಡನೆಯ ನಿಮಿಷಕ್ಕೆ ಅವರು ಬೇಸರವಾಗಿ ರೋಲ್ (ಸರಸರನೆ ಬಾರಿಸುವ ಅಲಂಕಾರ) ಹೊಡೆಯಲು ಶುರುಮಾಡಿದರೆ ಅದನ್ನು ಗಮನಿಸಿ. ರೋಲ್ ಹೊಡೆಯುವುದು ತಪ್ಪಲ್ಲ, ಆದರೆ ಅದು ಮುಗಿದು ಮೊದಲ ಬಡಿತಕ್ಕೆ ಬಂದಾಗ ಇಬ್ಬರೂ ಒಟ್ಟಿಗೆ ಇಳಿಯುತ್ತೀರೋ, ಅಥವಾ ಅವರು ಕೂದಲೆಳೆಯಷ್ಟು ಮೊದಲೇ ಇಳಿದು ನಿಮ್ಮನ್ನು ಎಳೆದುಕೊಳ್ಳುತ್ತಾರೋ ನೋಡಿ. ಮದುವೆ ಬ್ಯಾಂಡಿನಲ್ಲಿ ಇದರ ಬೆಲೆ ಇನ್ನೂ ಹೆಚ್ಚು. ರಿಸೆಪ್ಶನ್ನಿನಲ್ಲಿ ಎಂಸಿ (ನಿರೂಪಕರು) ಜನರನ್ನು ಕುಣಿಯಲು ಕರೆದ ಮೇಲೆ ಒಂದರ ಬೆನ್ನಿಗೊಂದು ಬೈಲಾ ಎಂಬ ಕುಣಿತದ ಹಾಡುಗಳು ನಿಲ್ಲದೆ ಬರುತ್ತವೆ. ಬೈಲಾದ ಆರು ಬಡಿತಗಳ ಲಯದಲ್ಲಿ ಒಂದು ಮತ್ತು ನಾಲ್ಕನೆಯ ಬಡಿತವನ್ನು ಹಿಡಿದು ನಿಲ್ಲುವವರು ನೀವು ಮತ್ತು ಕಿಕ್ ಡ್ರಮ್ ಇಬ್ಬರೇ. ನೀವಿಬ್ಬರು ಚದುರಿದರೆ ಕುಣಿಯುವವರಿಗೆ ಕಾರಣ ತಿಳಿಯದು, ಆದರೆ ಅವರು ಒಬ್ಬೊಬ್ಬರಾಗಿ ಊಟದ ಕಡೆಗೆ ನಡೆಯುತ್ತಾರೆ.

ಎರಡರಲ್ಲೂ ಇರುವುದು ಸಾಧ್ಯವೇ ಎಂಬುದಕ್ಕೆ ಪಂಚಾಂಗವೇ ಅರ್ಧ ಉತ್ತರ ಕೊಡುತ್ತದೆ. ಕೆಥೊಲಿಕ್ ಮದುವೆಗಳು ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದಲ್ಲಿಯೂ ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿಯೂ ಸಾಮಾನ್ಯವಾಗಿ ನಡೆಯುವುದಿಲ್ಲ. ಮೇ ತಿಂಗಳ ಕೊನೆಯ ವಾರದ ಹೊತ್ತಿಗೆ ಪತ್ತನಾಜೆ (ತುಳುನಾಡಿನಲ್ಲಿ ಈ ಹಂಗಾಮು ಮುಗಿಯುವ ದಿನ) ಬಂದು ಯಕ್ಷಗಾನ, ಕೋಲಗಳ ಜೊತೆಗೆ ಬಯಲಿನ ಇತರ ಕಾರ್ಯಕ್ರಮಗಳ ಗದ್ದಲವೂ ತಗ್ಗುತ್ತದೆ. ಮಳೆಗಾಲದ ತುಳು ತಿಂಗಳಾದ ಆಟಿಯಲ್ಲಂತೂ ಶುಭಕಾರ್ಯಗಳ ಮಾತೇ ಇಲ್ಲ. ಹೀಗಾಗಿ ಮದುವೆ ಬ್ಯಾಂಡಿಗೆ ನಿಮ್ಮ ಅಗತ್ಯ ತೀವ್ರವಾಗಿರುವುದು ಕ್ರಿಸ್ಮಸ್ ಕಳೆದ ಮೇಲಿನ ವಾರಗಳಲ್ಲಿ ಮತ್ತು ಏಪ್ರಿಲ್, ಮೇ ತಿಂಗಳುಗಳಲ್ಲಿ. ಸ್ವಂತ ಹಾಡುಗಳ ತಂಡದ ಅಭ್ಯಾಸವನ್ನು ತಪಸ್ಸು ಕಾಲಕ್ಕೂ ಮಳೆಗಾಲಕ್ಕೂ ಹೊಂದಿಸಿಕೊಂಡರೆ ಜಗಳವಿಲ್ಲದೆ ಎರಡೂ ನಡೆದಾವು. ಇದನ್ನು ಎರಡೂ ತಂಡಗಳಿಗೆ ಮೊದಲೇ ಹೇಳಿಬಿಡಿ. ಬ್ಯಾಂಕಿನ ವರ್ಷಾಂತ್ಯದ ಮಾರ್ಚ್ ತಿಂಗಳ ಬಗ್ಗೆಯೂ ಹೇಳಿ. ಸಂಭಾವನೆಯ ಮಾತನ್ನು ಸಹ ಹಂಗಾಮು ಶುರುವಾಗುವ ಮೊದಲೇ ಆಡಬೇಕು: ವಾಹನ ಮತ್ತು ಸೌಂಡಿನ ಬಾಡಿಗೆ ಕಳೆದು ಉಳಿದದ್ದರಲ್ಲಿ ಸಮಪಾಲು ಎಂದರೆ ಒಪ್ಪಿಕೊಳ್ಳಿ, ಬೇಸ್‌ನವರಿಗೆ ಸ್ವಲ್ಪ ಕಡಿಮೆ ಎಂದರೆ ಒಪ್ಪಬೇಡಿ.

ಇಬ್ಬರು ಡ್ರಮ್ಮರರಲ್ಲಿ ಒಬ್ಬರೇ ಚೆನ್ನಾಗಿದ್ದರೆ ಅವರಿರುವ ತಂಡವನ್ನು ಉಳಿಸಿಕೊಂಡು ಇನ್ನೊಂದನ್ನು ಬಿಡಿ, ಅದು ಗೆಳೆಯರ ತಂಡವಾದರೂ ಸರಿ. ಗೆಳೆತನವನ್ನು ಚಹಾ ಅಂಗಡಿಯಲ್ಲಿ ಮುಂದುವರಿಸಬಹುದು.

ಪ್ರಶ್ನೆ: ನಮ್ಮ ರಸಮಂಜರಿ ತಂಡದಲ್ಲಿ ಕೀಬೋರ್ಡ್ ನುಡಿಸುವ ಹಿರಿಯರು ಎಡಗೈಯಲ್ಲಿ ಬೇಸನ್ನೂ ನುಡಿಸುತ್ತಾರೆ. ನಾನು ನುಡಿಸಿದರೂ ಬಿಟ್ಟರೂ ಯಾರಿಗೂ ತಿಳಿಯದು. ಹಿರಿಯರಿಗೆ ಹೇಗೆ ಹೇಳಲಿ? (ಓದುಗರು, ಕಾಪು)

ಉತ್ತರ: ಇದು ಅವರ ದರ್ಪವಲ್ಲ, ಅಭ್ಯಾಸ. ಬೇಸ್‌ನವರು ಸಿಗದ ಕಾಲದಲ್ಲಿ ಒಬ್ಬರೇ ಇಡೀ ಆರ್ಕೆಸ್ಟ್ರಾವನ್ನು ಎಳೆದ ಕೈಗಳು ಅವು. ಆದರೆ ತಗ್ಗಿನಲ್ಲಿ ಇಬ್ಬರು ಒಂದೇ ಸ್ವರವನ್ನು ಹಿಡಿದಾಗ ಆಗುವ ತೊಂದರೆ ನಿಜವಾದದ್ದು. ನಿಮ್ಮ ಇ ತಂತಿಯನ್ನು, ಎಂದರೆ ಅತಿ ದಪ್ಪದ ತಂತಿಯನ್ನು, ಒತ್ತದೆ ಮೀಟಿದರೆ ಅದು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಕೀಬೋರ್ಡಿನ ಇ ಸ್ವರ ಯಾವಾಗಲೂ ಕರಾರುವಾಕ್ಕಾಗಿರುತ್ತದೆ, ನಿಮ್ಮದು ಸೆಕೆಯಲ್ಲಿ ಸ್ವಲ್ಪ ಇಳಿದಿರುತ್ತದೆ. ವ್ಯತ್ಯಾಸ ಒಂದೇ ಒಂದು ಕಂಪನದ್ದಾದರೂ ಸೆಕೆಂಡಿಗೊಮ್ಮೆ ಶಬ್ದ ಉಬ್ಬಿ ಕುಗ್ಗುತ್ತದೆ. ಕೇಳುವವರಿಗೆ ಅದು ಸ್ವರವಾಗಿ ಕೇಳದೆ ಗುಂಯ್ ಎನ್ನುವ ರಾಡಿಯಾಗಿ ಕೇಳುತ್ತದೆ.

ವೇದಿಕೆಯ ಮೇಲೆ, ನಾಲ್ಕು ಜನರೆದುರು ಈ ಮಾತು ಬೇಡ. ಅಭ್ಯಾಸದ ದಿನ ಒಂದು ಹಾಡನ್ನು ಮೊಬೈಲಿನಲ್ಲಿ ಎರಡು ಸಲ ಧ್ವನಿಮುದ್ರಿಸಿ, ಒಮ್ಮೆ ಅವರ ಎಡಗೈ ಎಂದಿನಂತೆ, ಇನ್ನೊಮ್ಮೆ ಒಂದು ಸಪ್ತಕ ಮೇಲೆ. "ಸರ್, ಎಡಗೈಯನ್ನು ಸ್ವಲ್ಪ ಮೇಲೆ ಇಟ್ಟರೆ ನಿಮ್ಮ ಕಾರ್ಡ್ಸ್ ಎಷ್ಟು ಚೆನ್ನಾಗಿ ಕೇಳುತ್ತದೆ ನೋಡಿ" ಎಂದು ಇಯರ್‌ಫೋನ್ ಕೊಡಿ. ಮೊಬೈಲಿನ ಸ್ಪೀಕರಿನಲ್ಲಿ ಕೇಳಿಸಬೇಡಿ, ಅದರಲ್ಲಿ ತಗ್ಗು ಸ್ವರಗಳೇ ಇರುವುದಿಲ್ಲ. ಅವರ ಮನಸ್ಸು ಒಲಿಯಲು ಒಂದು ಹಂಗಾಮು ಬೇಕಾದರೂ ಕಾಯಿರಿ.

ಆದರೆ ನಿಮ್ಮ ತಂಡ ಈಗಾಗಲೇ ಟ್ರ್ಯಾಕ್ (ಮೊದಲೇ ಮುದ್ರಿಸಿದ ಹಿನ್ನೆಲೆ ವಾದ್ಯಸಂಗೀತ) ಹಾಕಿಕೊಂಡು ಹಾಡುವ ಕಡೆಗೆ ವಾಲಿದ್ದರೆ ಕಾಯುವುದು ವ್ಯರ್ಥ. ಟ್ರ್ಯಾಕಿನಲ್ಲಿ ಬೇಸ್ ಮೊದಲೇ ಸೇರಿರುತ್ತದೆ, ಮತ್ತು ಅದು ನಿಮ್ಮ ಮಾತು ಕೇಳುವುದಿಲ್ಲ. ಬದುಕಿರುವ ಡ್ರಮ್ಮರ್ ಇರುವ ತಂಡವನ್ನು ಹುಡುಕಿಕೊಳ್ಳಿ.

ಪ್ರಶ್ನೆ: ಕಿನ್ನಿಗೋಳಿ ಹತ್ತಿರ ಮೈದಾನವೊಂದರಲ್ಲಿ ನುಡಿಸುವಾಗ ನನ್ನ ಬೇಸಿನಿಂದ ಒಂದೇ ಸಮನೆ ಗುಂಯ್ಗುಡುವ ಶಬ್ದ ಬರುತ್ತಿತ್ತು. ತಂತಿಯನ್ನು ಮುಟ್ಟಿದರೆ ಸ್ವಲ್ಪ ಕಡಿಮೆಯಾಗುತ್ತಿತ್ತು. ಸೌಂಡಿನವರು ನಿಮ್ಮ ಗಿಟಾರೇ ಸರಿಯಿಲ್ಲ ಎಂದರು. (ಓದುಗರು, ಮೂಲ್ಕಿ)

ಉತ್ತರ: ಪೂರ್ತಿ ಅವರ ತಪ್ಪೂ ಅಲ್ಲ, ನಿಮ್ಮದೂ ಅಲ್ಲ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಹರಿದು ಒಂದೊಂದು ಆವರ್ತ ಮುಗಿಸುತ್ತದೆ. ಆ 50 ಮತ್ತು ಅದರ ಇಮ್ಮಡಿಯಾದ 100 ಕಂಪನಗಳನ್ನೇ ನೀವು ಕೇಳಿದ್ದು. ಇ ತಂತಿಯ ಮೂರನೆಯ ಫ್ರೆಟ್ಟನ್ನು (ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿ) ಒತ್ತಿ ಜಿ ಸ್ವರ ನುಡಿಸಿ ನೋಡಿ, ಅದು 49. ಹಾಗಾಗಿ ಜಿ ಶ್ರುತಿಯ ಹಾಡಿನಲ್ಲಿ ಈ ಗುಂಯ್ ಅರ್ಧ ಅಡಗಿಕೊಳ್ಳುತ್ತದೆ, ಎಫ್ ಶಾರ್ಪಿಗೆ ಹೋದ ಕೂಡಲೇ ಹಲ್ಲು ಕಿರಿಯುತ್ತದೆ.

ನಿಮ್ಮದು ತಂತಿಯ ಕಂಪನವನ್ನು ಹಿಡಿಯುವ ಎರಡು ಸಿಂಗಲ್ ಕಾಯಿಲ್ (ಒಂಟಿ ಸುರುಳಿಯ) ಪಿಕಪ್‌ಗಳಿರುವ, 1960ರಲ್ಲಿ ಫೆಂಡರ್ ತಂದ ಜಾಝ್ ಬೇಸ್ ಮಾದರಿಯ ವಾದ್ಯವಾದರೆ, ಎರಡೂ ವಾಲ್ಯೂಮನ್ನು ಸಮನಾಗಿ ಪೂರ್ತಿ ತೆರೆಯಿರಿ. ಈಗಿನ ಇಂಥ ವಾದ್ಯಗಳಲ್ಲಿ ಎರಡು ಪಿಕಪ್‌ಗಳನ್ನು ಒಂದಕ್ಕೊಂದು ವಿರುದ್ಧವಾಗಿ ಸುತ್ತಿರುವುದರಿಂದ ಹೊರಗಿನಿಂದ ಬರುವ ಗುಂಯ್ ಒಂದನ್ನೊಂದು ತಿಂದುಹಾಕುತ್ತದೆ. ಒಂದನ್ನು ಸ್ವಲ್ಪ ಇಳಿಸಿದರೂ ಮರಳಿ ಬರುತ್ತದೆ. ಹಾಗೆ ಮಾಡಿಯೂ ನಿಲ್ಲದಿದ್ದರೆ ದೋಷ ಅರ್ತಿಂಗಿನಲ್ಲಿದೆ. ವೇದಿಕೆಯ ಆಂಪ್ಲಿಫೈಯರ್ ಒಂದು ಕಡೆಯಿಂದ, ಮಿಕ್ಸರ್ ಇನ್ನೊಂದು ಕಡೆಯಿಂದ ಕರೆಂಟು ಪಡೆದಾಗ ಎರಡು ಅರ್ತ್‌ಗಳ ನಡುವೆ ವರ್ತುಲ ಏರ್ಪಡುತ್ತದೆ. ಎರಡನ್ನೂ ಒಂದೇ ಬೋರ್ಡಿನಿಂದ ಕೊಡಲು ಹೇಳಿ, ನಡುವೆ ಡಿಐ ಬಾಕ್ಸ್ (ಬೇಸಿನ ಸಂಕೇತವನ್ನು ಮಿಕ್ಸರಿಗೆ ಕೊಡುವ ಚಿಕ್ಕ ಪೆಟ್ಟಿಗೆ) ಇಟ್ಟು ಅದರ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿಸಿ. ಕೆಲವರು ಉಪಾಯವೆಂದು ಪ್ಲಗ್ಗಿನ ಅರ್ತ್ ಪಿನ್ನನ್ನೇ ಕಿತ್ತುಬಿಡುತ್ತಾರೆ. ಜನರೇಟರ್ ಓಡುತ್ತಿರುವ, ನೆಲ ಒದ್ದೆಯಾದ ಮೈದಾನದಲ್ಲಿ ಕೈ ತಂತಿಯ ಮೇಲೆ, ತುಟಿ ಮೈಕಿನ ಮೇಲೆ ಇರುವವನಿಗೆ ಅದು ಪ್ರಾಣಾಂತಿಕ. ಯಾರಾದರೂ ಹಾಗೆ ಮಾಡಿದ್ದು ಕಂಡರೆ ವೇದಿಕೆ ಹತ್ತಬೇಡಿ, ಸಂಘಟಕರು ಏನೇ ಅಂದುಕೊಳ್ಳಲಿ.

ಪ್ರಶ್ನೆ: ನಾವು ಬಿಜೈಯ ಮನೆಯೊಂದರ ಹಿಂದಿನ ಕೋಣೆಯಲ್ಲಿ ಅಭ್ಯಾಸ ಮಾಡುತ್ತೇವೆ. ಕೋಣೆ 14 ಅಡಿ ಉದ್ದವಿದೆ. ನಾನು ಕೆಳಗಿನ ಇ ಸ್ವರ ನುಡಿಸಿದರೆ ಮಾತ್ರ ಕಿಟಕಿ ಅದುರಿ, ಪಕ್ಕದ ಮನೆಯವರು ಬರುತ್ತಾರೆ. ಬೇರೆ ಸ್ವರಗಳಿಗೆ ಹೀಗಾಗುವುದಿಲ್ಲ.

ಉತ್ತರ: ನಿಮ್ಮ ಕೋಣೆಯ ಅಳತೆಯೇ ಇ ಸ್ವರದ್ದು. ಆ ಸ್ವರದ ಒಂದು ಅಲೆ ಗಾಳಿಯಲ್ಲಿ ಎಂಟು ಮೀಟರಿಗಿಂತ ಸ್ವಲ್ಪ ಉದ್ದ. ಅದರ ಅರ್ಧ ಹೆಚ್ಚುಕಡಿಮೆ 14 ಅಡಿ. ಅಲೆ ಗೋಡೆಗೆ ಹೊಡೆದು ಹಿಂತಿರುಗುವಾಗ ತನ್ನ ಮೇಲೆ ತಾನೇ ಕೂತು ಬೆಳೆಯುತ್ತದೆ. ಆಂಪ್ಲಿಫೈಯರನ್ನು ಗಿಡ್ಡ ಗೋಡೆಯಿಂದ, ಮುಖ್ಯವಾಗಿ ಮೂಲೆಯಿಂದ, ಹೊರಗೆ ತಂದು ಉದ್ದಗೋಡೆಯ ನಡುಭಾಗದ ಹತ್ತಿರ ಕುರ್ಚಿಯ ಮೇಲಿಡಿ, ಸೆಕೆಂಡಿಗೆ 40 ಕಂಪನದ ಸುತ್ತಿನ ಪಟ್ಟಿಯನ್ನು ಇಕ್ವಲೈಜರಿನಲ್ಲಿ ತಗ್ಗಿಸಿ. ಗೋಡೆಗೆ ಮೊಟ್ಟೆ ತಟ್ಟೆ ಅಂಟಿಸುವುದರಿಂದ ತಗ್ಗು ಸ್ವರಗಳಿಗೆ ಏನೂ ಆಗುವುದಿಲ್ಲ. ಆ ತಟ್ಟೆಗಳು ನುಸಿಗೆ ಮನೆಯಾಗುತ್ತವೆ, ಅಷ್ಟೇ. ಪಕ್ಕದ ಮನೆಯವರಿಗೆ ಅಭ್ಯಾಸದ ದಿನ ಮತ್ತು ಹೊತ್ತನ್ನು ಮೊದಲೇ ತಿಳಿಸಿ, ರಾತ್ರಿ 10 ಗಂಟೆಗೆ ಮೊದಲೇ ನಿಲ್ಲಿಸಿ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿಯದು 45. ಡ್ರಮ್ಸ್ ಇರುವ ಕೋಣೆ ಈ ಎರಡನ್ನೂ ಮೀರುವುದು ಖಂಡಿತ, ಆದ್ದರಿಂದ ವಾದಕ್ಕಿಂತ ಸೌಜನ್ಯವೇ ಕೆಲಸಕ್ಕೆ ಬರುತ್ತದೆ. ಅಂಥ ಕೋಣೆಯಲ್ಲಿ ಸಿಂಬಲ್‌ಗಳ ಪಕ್ಕ ನಿಲ್ಲುವ ನೀವು ಕಿವಿಗೆ ಪ್ಲಗ್ ಹಾಕಿಕೊಳ್ಳುವುದನ್ನೂ ರೂಢಿಸಿಕೊಳ್ಳಿ.

ಪ್ರಶ್ನೆ: ಮಳೆಗಾಲ ಬಂತೆಂದರೆ ತಂತಿಗಳಿಗೆ ತುಕ್ಕು, ತಂತಿ ಫ್ರೆಟ್‌ಗೆ ತಾಗಿ ಕರಕರ. ಪ್ರತಿವರ್ಷ ರಿಪೇರಿಗೆ ಕೊಡಬೇಕೇ? (ಓದುಗರು, ಮೂಡುಬಿದಿರೆ)

ಉತ್ತರ: ಬೇಡ. ನಾಲ್ಕು ತಂತಿಗಳು ಸೇರಿ ಬೇಸಿನ ಕುತ್ತಿಗೆಯನ್ನು ಸುಮಾರು 80 ಕಿಲೋ ಬಲದಲ್ಲಿ ಎಳೆಯುತ್ತಿರುತ್ತವೆ, ಒಳಗಿರುವ ಟ್ರಸ್ ರಾಡ್ ಎಂಬ ಉಕ್ಕಿನ ಸರಳು ಅದನ್ನು ಎದುರಿಸುತ್ತದೆ. ಜೂನ್‌ನಲ್ಲಿ ಮರ ತೇವ ಹೀರಿ ಉಬ್ಬಿದಾಗ ಈ ಸಮತೋಲ ಕೆಡುತ್ತದೆ. ಇ ತಂತಿಯನ್ನು ಮೊದಲ ಫ್ರೆಟ್ಟಿನಲ್ಲಿಯೂ, ಕುತ್ತಿಗೆ ಒಡಲಿಗೆ ಸೇರುವಲ್ಲಿನ ಫ್ರೆಟ್ಟಿನಲ್ಲಿಯೂ ಒಟ್ಟಿಗೆ ಒತ್ತಿ ಹಿಡಿದು ಏಳೆಂಟನೆಯ ಫ್ರೆಟ್ಟಿನ ಬಳಿ ನೋಡಿ. ತಂತಿಗೂ ಫ್ರೆಟ್ಟಿಗೂ ನಡುವೆ ವಿಸಿಟಿಂಗ್ ಕಾರ್ಡೊಂದು ಬಿಗಿಯಿಲ್ಲದೆ ತೂರುವಷ್ಟು ಸಂದಿ ಇರಬೇಕು. ಸಂದಿಯೇ ಇಲ್ಲದಿದ್ದರೆ ಅಲೆನ್ ಕೀಯಿಂದ ರಾಡನ್ನು ಕಾಲು ಸುತ್ತು ಸಡಿಲಿಸಿ, ಹೆಚ್ಚಾಗಿದ್ದರೆ ಕಾಲು ಸುತ್ತು ಬಿಗಿ ಮಾಡಿ, ಮರುದಿನದವರೆಗೆ ಬಿಟ್ಟು ಮತ್ತೆ ನೋಡಿ. ಕೀ ತಿರುಗಲು ಒಪ್ಪದಿದ್ದರೆ ಬಲ ಹಾಕದೆ ಬಲ್ಲವರಿಗೆ ಕೊಡಿ. ಮುರಿದ ರಾಡಿನ ಖರ್ಚಿನಲ್ಲಿ ಹೊಸ ವಾದ್ಯದ ಅರ್ಧ ಬೆಲೆ ಹೋದೀತು.

ತುಕ್ಕಿಗೆ, ನುಡಿಸಿದ ಕೂಡಲೇ ಒಣ ಹತ್ತಿಬಟ್ಟೆಯಿಂದ ತಂತಿಯ ಅಡಿಭಾಗವನ್ನೂ ಒರೆಸುವುದಕ್ಕಿಂತ ದೊಡ್ಡ ಮದ್ದಿಲ್ಲ. ನಯವಾದ ಫ್ಲ್ಯಾಟ್‌ವೂಂಡ್ ತಂತಿ ದುಬಾರಿಯಾದರೂ ಕರಾವಳಿಯಲ್ಲಿ ವರ್ಷಗಟ್ಟಲೆ ಬಾಳುತ್ತದೆ, ಹಳೆಯ ಸಿನಿಮಾ ಹಾಡುಗಳಿಗೆ ಅದರ ದುಂಡುದನಿಯೇ ಒಪ್ಪುತ್ತದೆ. ಹಳೆಯ ತಂತಿಯನ್ನು ನೀರಿನಲ್ಲಿ ಕುದಿಸಿ ಹೊಳಪು ತರುವ ಪದ್ಧತಿ ಸುಳ್ಳಲ್ಲ, ಆದರೆ ಆ ಹೊಳಪು ಕೆಲವೇ ಕಾರ್ಯಕ್ರಮಗಳಿಗೆ ಸಾಕು. ಬಸ್ಸಿನಲ್ಲಿ ಹೋಗುವಾಗ ಕಂಡಕ್ಟರ್ ಎಷ್ಟೇ ಒತ್ತಾಯಿಸಿದರೂ ವಾದ್ಯವನ್ನು ಡಿಕ್ಕಿಗೆ ಹಾಕಬೇಡಿ.

ಪ್ರಶ್ನೆ: ನಾನು ಬ್ರಹ್ಮಾವರದ ಶಾಲೆಯೊಂದರಲ್ಲಿ ಶಿಕ್ಷಕಿ, ವಯಸ್ಸು 50 ದಾಟಿದೆ, ಕೈ ಚಿಕ್ಕದು. ಈಗ ಬೇಸ್ ಕಲಿಯಬಹುದೇ?

ಉತ್ತರ: ಖಂಡಿತ ಕಲಿಯಬಹುದು, ಮೇಡಂ. ಲಿಯೋ ಫೆಂಡರ್ 1951ರಲ್ಲಿ ಫ್ರೆಟ್ ಇರುವ ಪ್ರಿಸಿಶನ್ ಬೇಸನ್ನು ಮಾರುಕಟ್ಟೆಗೆ ತಂದ ಮೇಲೆ, ಆಳೆತ್ತರದ ಪಿಟೀಲಿನಂತಹ ಡಬಲ್ ಬೇಸನ್ನು ತಬ್ಬಿಕೊಂಡು ಅಂದಾಜಿನ ಮೇಲೆ ಸ್ವರ ಹುಡುಕುವ ಕಷ್ಟ ತಪ್ಪಿತು. ಸಾಮಾನ್ಯ ಬೇಸಿನ ತಂತಿಯ ಅಳತೆ 34 ಇಂಚು. ನೀವು 30 ಇಂಚಿನ ಶಾರ್ಟ್ ಸ್ಕೇಲ್ ಕೊಳ್ಳಿ. ಕೆಳಗಿನ ಫ್ರೆಟ್‌ಗಳಲ್ಲಿ ನಾಲ್ಕು ಬೆರಳನ್ನು ನಾಲ್ಕು ಫ್ರೆಟ್‌ಗೆ ಚಾಚದೆ, ತೋರು, ನಡು ಮತ್ತು ಕಿರುಬೆರಳುಗಳಿಂದ ಮೂರು ಫ್ರೆಟ್ ಮಾತ್ರ ಹಿಡಿದು, ಉಳಿದದ್ದಕ್ಕೆ ಕೈಯನ್ನೇ ಸರಿಸಿ. ನಿಮ್ಮ ಶಾಲೆಯಲ್ಲಿ ಮೇಜು ಬಡಿಯುವ ಹುಡುಗರಲ್ಲಿ ಯಾರ ಲಯ ನೆಟ್ಟಗಿದೆ ಎಂದು ಗಮನಿಸಿಡಿ. ಮುಂದಿನ ವಾರ್ಷಿಕೋತ್ಸವಕ್ಕೆ ಅವನನ್ನು ಡ್ರಮ್ಸ್‌ಗೆ ಕೂರಿಸಬಹುದು.