ಒದ್ದೆಯಾದ ತೋಟಾ: ಎಣ್ಣೆ ಬೇಡ, ಒಲೆಯೂ ಬೇಡ

ಎರಡು ದಿನ ಮಳೆಯಲ್ಲಿ ತಿರುಗಿ ಬಂದಿದ್ದೀರಿ, ಬೆಲ್ಟಿನಲ್ಲಿದ್ದ ಕೋವಿಯ ತೋಟಾಗಳೆಲ್ಲ (ಕಾರ್ಟ್ರಿಜ್) ಒದ್ದೆ. ಎಣ್ಣೆ ಸವರಿ ಒಲೆ ಹತ್ತಿರ ಇಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಎರಡನ್ನೂ ಮಾಡಬೇಡಿ.

ತುಕ್ಕು ಬಿಡಿಸುವ ಸ್ಪ್ರೇ, ಕೋವಿ ಎಣ್ಣೆ ಇವೆಲ್ಲ ಕೂದಲೆಳೆಯಷ್ಟು ಸಂದಿಯಲ್ಲೂ ನುಸುಳುತ್ತವೆ. ತೋಟಾದ ಬುಡದಲ್ಲಿರುವ, ಪೆಟ್ಟು ಬಿದ್ದಾಗ ಕಿಡಿ ಕೊಡುವ ಕೇಪಿನ ಸುತ್ತ ಇಳಿದರೆ ಅದರ ಮದ್ದು ಕೆಡಬಹುದು. ನೀರಾದರೆ ಆರುತ್ತದೆ, ಎಣ್ಣೆ ಒಳಗೇ ಕೂರುತ್ತದೆ. ಇನ್ನು ಒಲೆಯ ಬಿಸಿಗೆ ಮದ್ದು ಹಾಳಾಗುವುದಷ್ಟೇ ಅಲ್ಲ, ತೋಟಾ ಸಿಡಿಯಲೂಬಹುದು.

ಒಂದೊಂದನ್ನೇ ಹತ್ತಿಬಟ್ಟೆಯಲ್ಲಿ ಒರೆಸಿ, ಪೇಪರ್ ಮೇಲೆ ಹರಡಿ, ಮಕ್ಕಳ ಕೈಗೆ ಸಿಗದ ಕಡೆ ಗಾಳಿಗೆ ಎರಡು ದಿನ ಬಿಡಿ. ಆಮೇಲೆ ಒಳ್ಳೆಯದು ಕೆಟ್ಟದ್ದು ಬೇರೆ ಮಾಡಿ. ಕಾಗದದ ತೋಟಾ ಉಬ್ಬಿದ್ದರೆ, ಉಗುರು ಒತ್ತಿದಾಗ ಗುರುತು ಬಿದ್ದರೆ, ಅದು ಮುಗಿಯಿತು. ನಳಿಗೆಗೆ ತುರುಕಬೇಡಿ. ಪ್ಲಾಸ್ಟಿಕ್ಕಿನದು ಗಟ್ಟಿ, ಆದರೆ ತುದಿಯ ಮಡಿಕೆಯ ನಡುವೆ ಸಣ್ಣ ತೂತು ಇರುತ್ತದೆ, ನೀರು ಅಲ್ಲಿಂದಲೇ ಇಳಿಯುತ್ತದೆ. ಮಡಿಕೆ ಸಡಿಲವಾಗಿದ್ದರೆ ಬೇರೆ ಇಡಿ. ರೈಫಲ್ ತೋಟಾದ ಕೇಪಿನ ಸುತ್ತ ಬಣ್ಣದ ಗೆರೆ ಕಂಡರೆ ಅದು ಅರಗು ಹಾಕಿದ್ದು, ಮಳೆಯನ್ನು ಚೆನ್ನಾಗಿ ತಡೆಯುತ್ತದೆ. ಪಾಯಿಂಟ್ ಟೂಟೂ (.22) ಅನ್ನುವ ಸಣ್ಣ ತೋಟಾಕ್ಕೆ ಸಾಮಾನ್ಯವಾಗಿ ಆ ರಕ್ಷಣೆ ಇರುವುದಿಲ್ಲ, ಅದರಲ್ಲಿ ಅನುಮಾನ ಬಂದರೆ ಬಿಟ್ಟುಬಿಡಿ. ಕೆಟ್ಟದ್ದನ್ನು ಬಿಚ್ಚಬೇಡಿ, ಹೂಳಬೇಡಿ, ಬೆಂಕಿಗೆ ಹಾಕಬೇಡಿ. ಲೈಸೆನ್ಸ್ ಇರುವ ಕೋವಿ ಅಂಗಡಿಯವರನ್ನೋ ಪೊಲೀಸರನ್ನೋ ಕೇಳಿ ಒಪ್ಪಿಸಿ.

ಬೆಲ್ಟು ಚರ್ಮದ್ದಾ? ಹಾಗಿದ್ದರೆ ಮಳೆಗಿಂತ ದೊಡ್ಡ ಶತ್ರು ಅದೇ. ನಾನು ಒಂದು ಮಳೆಗಾಲ ಪೂರ್ತಿ ತೋಟಾಗಳನ್ನು ಚರ್ಮದ ಬೆಲ್ಟಿನಲ್ಲೇ ನೇತುಹಾಕಿದ್ದೆ. ತೆಗೆಯಲು ಹೋದರೆ ತಿರುಚಿ ಎಳೆಯಬೇಕಾಯಿತು. ಚರ್ಮ ತಾಗಿದ್ದಲ್ಲೆಲ್ಲ ಹಿತ್ತಾಳೆಯ ಸುತ್ತ ಹಸಿರು ಕಿಲುಬು, ಒರೆಸಿದರೆ ಕೆಳಗೆ ಸಣ್ಣ ಸಣ್ಣ ಗುಳಿ. ಚರ್ಮ ಹದ ಮಾಡುವಾಗ ಉಳಿದ ಆಮ್ಲ ಮತ್ತು ತೇವ ಸೇರಿದರೆ ಹೀಗಾಗುತ್ತದೆ. ಬೆಲ್ಟು ಹೊರಗೆ ಹೋಗುವಾಗ ಮಾತ್ರ ಇರಲಿ, ಬಂದ ಕೂಡಲೇ ಖಾಲಿ ಮಾಡಿ. ಮಳೆ ದಿನ ಬೇಕಾದಷ್ಟೇ ತೋಟಾ ಜಿಪ್ ಕವರಿನಲ್ಲಿ ಹಾಕಿ ಒಳಜೇಬಿನಲ್ಲಿಡಿ. ಒದ್ದೆ ಕೈಯಲ್ಲಿ ತೆಗೆದದ್ದನ್ನು ಹಾಗೆಯೇ ಕವರಿಗೆ ವಾಪಸ್ ಹಾಕಬೇಡಿ.

ಮನೆಯಲ್ಲಿ, ಮುಚ್ಚಳಕ್ಕೆ ರಬ್ಬರ್ ಪಟ್ಟಿ ಇರುವ, ಬೀಗ ಬೀಳುವ ಡಬ್ಬಿ ಸಾಕು. ಆದರೆ ಗಟ್ಟಿ ಮುಚ್ಚಳ ಒಳಗಿನ ತೇವವನ್ನೂ ಒಳಗೇ ಹಿಡಿಯುತ್ತದೆ. ಮಳೆ ಸುರಿಯುವಾಗ ಮುಚ್ಚಿದರೆ ಆ ಗಾಳಿಯೂ ಒಳಗೆ ಸೇರುತ್ತದಲ್ವಾ? ಒಣ ದಿನ ನೋಡಿ ತುಂಬಿ, ಜೊತೆಗೆ ಸಿಲಿಕಾ ಜೆಲ್ ಹಾಕಿ. ಬಣ್ಣ ಬದಲಾಗುವ ಕಿತ್ತಳೆ ಹರಳು ಒಳ್ಳೆಯದು, ಹಸಿರಿಗೆ ತಿರುಗಿದರೆ ಹೊಟ್ಟೆ ತುಂಬಿದೆ ಅಂತ ಅರ್ಥ. ಹರಳನ್ನು ಮಾತ್ರ ಹೊರತೆಗೆದು ಓವನ್‌ನಲ್ಲಿ 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೆರಡು ಗಂಟೆ ಇಟ್ಟರೆ ಮತ್ತೆ ಬಳಸಬಹುದು. ಅಕ್ಕಿ ಹಾಕುವವರಿದ್ದಾರೆ, ಬೇಡ. ಅಷ್ಟು ತೇವ ಎಳೆಯುವುದಿಲ್ಲ, ಪುಡಿ ಬೇರೆ ಅಂಟುತ್ತದೆ.

ಡಬ್ಬಿ ಎಸಿ ಕಾರಿನಲ್ಲಿ ತಣ್ಣಗಾಗಿದ್ದರೆ ಇಳಿದ ತಕ್ಷಣ ತೆರೆಯಬೇಡಿ. ತಣ್ಣನೆ ಹಿತ್ತಾಳೆ ಮೇಲೆ ಕ್ಷಣದಲ್ಲಿ ಬೆವರು ಕೂರುತ್ತದೆ. ಒಂದೆರಡು ಗಂಟೆ ಮುಚ್ಚಿಯೇ ಇರಲಿ.

ಒದ್ದೆಯಾಗಿದ್ದ ತೋಟಾ ಹಾರದಿದ್ದರೆ ಕೋವಿಯನ್ನು ಕೂಡಲೇ ತೆರೆಯಬೇಡಿ. ನಳಿಗೆಯ ಬಾಯಿಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಕನಿಷ್ಠ 30 ಸೆಕೆಂಡ್ ಕಾಯಿರಿ, ತಡವಾಗಿ ಹಾರುವುದುಂಟು. ಸದ್ದು ಮಂಕಾಗಿ 'ಪುಸ್' ಅಂದರೆ ಇನ್ನೊಂದು ಈಡು ಹಾಕಲೇಬೇಡಿ. ಕೋವಿ ಖಾಲಿ ಮಾಡಿ, ಹಿಂದಿನಿಂದ ನಳಿಗೆಯಲ್ಲಿ ಬೆಳಕು ನೋಡಿ. ಗುಂಡೋ, ಮದ್ದಿನ ಮೇಲೆ ಇಡುವ ಬೆಣೆಯೋ ಅಲ್ಲೇ ಸಿಕ್ಕಿಕೊಂಡಿರಬಹುದು.