ರಿಮೋಟ್ ಡೆಸ್ಕ್‌ಟಾಪ್‌ನಾಗ ವಿಡಿಯೋ ಓಡ್ತದ, ಸಪ್ಪಳ ನನ್ನ ಲ್ಯಾಪ್‌ಟಾಪ್‌ನಾಗ ಯಾಕ ಬರಂಗಿಲ್ಲ?

ಸಪ್ಪಳ ಎಲ್ಲಿ ಬರಬೇಕು ಅನ್ನೋದನ್ನ ಕನೆಕ್ಟ್ ಆಗೋಕಿಂತ ಮೊದಲ ಹೇಳಬೇಕ್ರಿ. ದೂರದ ಕಂಪ್ಯೂಟರನ್ನ ಇಲ್ಲಿಂದನ ನಡೆಸೋ ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಕನೆಕ್ಷನ್ ಓಪನ್ ಮಾಡಿ ಶೋ ಆಪ್ಷನ್ಸ್ ಒತ್ರಿ, ಲೋಕಲ್ ರಿಸೋರ್ಸಸ್ ಟ್ಯಾಬ್‌ನಾಗ ರಿಮೋಟ್ ಆಡಿಯೋದ ಸೆಟಿಂಗ್ಸ್‌ಗೆ ಹೋಗಿ 'ಪ್ಲೇ ಆನ್ ದಿಸ್ ಕಂಪ್ಯೂಟರ್' ಇಡ್ರಿ. ಈಗಾಗ್ಲೇ ಒಳಗಿದ್ರ ಡಿಸ್ಕನೆಕ್ಟ್ ಮಾಡಿ ಮತ್ತ ಬರ್ರಿ.

ಆಗೋದೇನಂದ್ರ, ಆ ಕಡೆ ಮಷೀನು ನಿಮ್ಮ ಸೆಷನ್‌ಗೆ 'ರಿಮೋಟ್ ಆಡಿಯೋ' ಅಂತ ಒಂದು ಸುಳ್ಳು ಸ್ಪೀಕರ್ ಮಾಡ್ತದ, ಅದರಾಗ ಬಿದ್ದ ಸಪ್ಪಳ ಪರದೆಯ ಚಿತ್ರ ಬರೋ ಅದೇ ಕನೆಕ್ಷನ್‌ನಾಗ ಬ್ಯಾರೆ ಚಾನೆಲ್ ಹಿಡಿದು ನಿಮ್ಮ ಕಡೆ ಬರ್ತದ, ಇಲ್ಲಿ ನಿಮ್ಮ ಖರೇ ಸ್ಪೀಕರ್ ಅದನ್ನ ಬಾರಿಸ್ತದ. ಅಲ್ಲಿಯ ಟಾಸ್ಕ್‌ಬಾರ್‌ನಾಗ ಸ್ಪೀಕರ್ ಚಿತ್ರದ ಮ್ಯಾಲೆ ಮೌಸ್ ಇಟ್ರ ಆ ಹೆಸರು ಕಾಣಬೇಕು.

'ಪ್ಲೇ ಆನ್ ರಿಮೋಟ್ ಕಂಪ್ಯೂಟರ್' ಇದ್ರ ಮಾತ್ರ ಹುಷಾರ್ರಿ. ನಾ ಪುಣೆದ ಕೋಥ್ರೂಡ್‌ನಾಗ ಚಹಾ ಕುಡಕೋತ ಮೂಕಿ ವಿಡಿಯೋ ನೋಡಾಕತ್ತಿದ್ದೆ, ಹಿಂಜವಡಿ ಆಫೀಸಿನಿಂದ ಬಾಜೂ ಸೀಟಿನವ ಫೋನ್ ಮಾಡಿ 'ಅಣ್ಣಾ, ನಿನ್ನ ಪೀಸಿ ಒಂದ ಸವನ ಒದರಾಕತ್ತೈತಿ' ಅಂದ.

ಮೈಕ್ ಬೇಕಂದ್ರ ಅದೇ ಜಾಗದಾಗ 'ರೆಕಾರ್ಡ್ ಫ್ರಮ್ ದಿಸ್ ಕಂಪ್ಯೂಟರ್' ಬ್ಯಾರೆ ಆರಿಸಬೇಕು.